ಓದುಗರ ಸ್ಪಂದನ: ಮೈಸೂರಿನ ಲೆಕ್ಕ

ಕಳೆದ ಸಂಚಿಕೆಯ ಪತ್ರವನ್ನು ಓದದವರಿಗಾಗಿ: ಬೆಂಗಳೂರಿನ ಓದುಗರೊಬ್ಬರು ಹಾಸ್ಟೆಲ್ ಕಾಲದ ನಾಲ್ವರು ಗೆಳತಿಯರನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಶನಿವಾರ ಮೈಸೂರಿಗೆ ಹೋಗಿ ಭಾನುವಾರ ರಾತ್ರಿ ಮರಳಿದ್ದರು. ತಲೆಗೆ ಎರಡು ಸಾವಿರದೊಳಗೆ ಎಂದು ಹೊರಟದ್ದು ಮೂರು ಸಾವಿರ ದಾಟಿತು. ಮೂವರು ಕೊಟ್ಟರು, ಒಬ್ಬಳು ಕೊಡಲಿಲ್ಲ. ‘ಟೋಲ್ ನನ್ನ ಫಾಸ್ಟ್ಯಾಗ್‌ನಿಂದ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಅದನ್ನು ಬಿಟ್ಟುಬಿಟ್ಟೆ. ಆದರೆ ಇವಳು ಮೃಗಾಲಯಕ್ಕೂ ಬಾರದೆ ತಲೆನೋವು ಎಂದು ಕಾರಿನಲ್ಲೇ ಕುಳಿತಳು. ಈಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಲೆಕ್ಕ ಹಾಕಿದರೆ ಓದಿ ಸುಮ್ಮನಾಗುತ್ತಾಳೆ. ಕೇಳಲೇ, ಬಿಡಲೇ?’ ಎಂಬುದು ಅವರ ಪ್ರಶ್ನೆ. ರಾಶಿ ಪತ್ರಗಳು ಬಂದಿವೆ. ಬಹುಪಾಲು ಓದುಗರು ಹಣದ ಬಗ್ಗೆ ಬರೆದಿದ್ದಾರೆ.

ಕೇಳಿ. ಕೇಳಲು ನಾಚಿಕೆಯೇಕೆ? ತಿಂದವಳು ಅವಳು, ಸುತ್ತಿದವಳು ಅವಳು. ಇಂದು ಮೂರು ಸಾವಿರ ಬಿಟ್ಟರೆ ನಾಳೆ ಮೂವತ್ತು ಸಾವಿರ ಸಾಲ ಕೇಳುತ್ತಾಳೆ. ನನ್ನ ಅನುಭವ ಇದು.
— ವ್ಯಾಪಾರಿ, ತಿಪಟೂರು

ಕಾರು ಇಟ್ಟುಕೊಂಡವರು ಗೆಳತಿಯ ಮೂರು ಸಾವಿರಕ್ಕೆ ಪತ್ರಿಕೆಗೆ ಬರೆಯುವುದೇ? ಕರೆದವರು ನೀವು.
— ನಿವೃತ್ತ ಶಿಕ್ಷಕಿ, ಚನ್ನರಾಯಪಟ್ಟಣ

ದುಬೈಯಲ್ಲಿ ಒಂದೇ ಕೋಣೆಯಲ್ಲಿ ಆರು ಜನರೊಂದಿಗೆ ಒಂಬತ್ತು ವರ್ಷ ಬಾಳಿದವನು ನಾನು. ಬಂಟ್ವಾಳದವರು ಇಬ್ಬರು, ಭಟ್ಕಳದವನೊಬ್ಬ, ಉಳಿದವರು ಮಲಯಾಳಿಗಳು. ಒಂದು ದಿನವೂ ದುಡ್ಡಿಗಾಗಿ ಜಗಳವಾಗಲಿಲ್ಲ. ಕಾರಣ, ನಮ್ಮದು ಹೊರಡುವ ಮೊದಲೇ ಡಬ್ಬಿಗೆ ಬೀಳುವ ಹಣ. ಎಲ್ಲರೂ ಸಮನಾಗಿ ಹಾಕಬೇಕು, ಪೆಟ್ರೋಲ್, ಟೋಲ್, ಚಹಾ ಎಲ್ಲವೂ ಅದರಿಂದಲೇ. ಡಬ್ಬಿ ಖಾಲಿಯಾದರೆ ಪ್ರವಾಸ ಮುಗಿಯಿತು, ಕಾರು ಹಿಂದಕ್ಕೆ. ಪ್ರವಾಸ ಮುಗಿದ ಮೇಲೆ ಹಂಚುವ ಲೆಕ್ಕವಿದೆಯಲ್ಲ, ಅದು ಲೆಕ್ಕವಲ್ಲ, ಪಂಚಾಯಿತಿ. ಬೆಂಗಳೂರಿನಿಂದ ಮೈಸೂರಿಗೆ ಹೆಚ್ಚೂಕಡಿಮೆ 145 ಕಿಲೋಮೀಟರ್. ಹೋಗಿ ಬಂದು, ಬೆಟ್ಟ ಹತ್ತಿ ಇಳಿದರೆ 340 ಎಂದಿಟ್ಟುಕೊಳ್ಳಿ. ಲೀಟರಿಗೆ ಹದಿನೈದು ಕೊಡುವ ಕಾರಾದರೆ 23 ಲೀಟರ್. ಬಿಡದಿಯ ಬಳಿ ಒಂದು ಟೋಲ್, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಇನ್ನೊಂದು, ಎರಡೂ ಕಡೆಯಿಂದ ಸೇರಿ ಆರು ನೂರರ ಮೇಲೆ. ಇಷ್ಟನ್ನು ಶುಕ್ರವಾರ ರಾತ್ರಿಯೇ ಒಂದು ಚೀಟಿಯಲ್ಲಿ ಬರೆಯಬಹುದಿತ್ತು. ಟೋಲ್ ಬಿಟ್ಟೆ ಎಂದು ಬರೆದಿದ್ದೀರಿ. ಬಿಟ್ಟವರು ಅದನ್ನು ಪತ್ರದಲ್ಲಿ ಬರೆಯುವುದಿಲ್ಲ.
— ಪುತ್ತೂರಿನವರು, ಈಗ ದುಬೈ

ಅದು ಸ್ವಲ್ಪ ಚುಚ್ಚುವ ಮಾತಾದರೂ ಹಾಗೆಯೇ ಪ್ರಕಟಿಸಿದ್ದೇವೆ. ಮುಂದಿನವರಿಗೆ ಪ್ರಶ್ನೆಗಿಂತ ದಾರಿಯೇ ಮುಖ್ಯವಾಗಿದೆ.

ಐದು ಹೆಂಗಸರು, ಕಾರು ಯಾಕೆ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ರಾಜಹಂಸ, ಐರಾವತಗಳಲ್ಲಿ ಇಲ್ಲ, ಅದಕ್ಕೆ ಆಸೆಪಡಬೇಡಿ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಇವೆ, ನಡುವೆ ನಂದಿಯ ಬಳಿ ಕೂತು ಸುಧಾರಿಸಿಕೊಂಡರೆ ಖರ್ಚಿಲ್ಲ. ಅರಮನೆಯ ದೀಪಾಲಂಕಾರ ನೋಡಬೇಕೆಂದರೆ ಭಾನುವಾರ ಸಂಜೆ ಏಳಕ್ಕೆ ಅಲ್ಲಿರಬೇಕು. ಮೃಗಾಲಯಕ್ಕೆ ಮಂಗಳವಾರ ರಜೆ. ನಾವು ಮಹಿಳಾ ಸಂಘದ ಹದಿನಾಲ್ಕು ಮಂದಿ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ ಅದೇ ರಾತ್ರಿ ಬಂದೆವು. ಒಬ್ಬರ ಮೇಲೆ ಒಬ್ಬರಿಗೆ ಬಾಕಿಯಿಲ್ಲ, ಒಂದು ಟಿಫಿನ್ ಡಬ್ಬಿಯ ಮುಚ್ಚಳ ಮಾತ್ರ ಅದಲುಬದಲಾಯಿತು.
— ಗೃಹಿಣಿ, ತುರುವೇಕೆರೆ

ದಾರಿಯಲ್ಲಿ ಮದ್ದೂರು ವಡೆ ತಿಂದೆವು ಎಂದು ಪತ್ರದಲ್ಲಿದೆ. ಎಲ್ಲಿ ತಿಂದಿರಿ? ಹೊಸ ಹೆದ್ದಾರಿಯಲ್ಲಿ ಹೋದರೆ ಮದ್ದೂರೇ ಸಿಗುವುದಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬೈಪಾಸ್ ನುಂಗಿದೆ. ತಟ್ಟೆ ಇಡ್ಲಿಯವನೂ ಗೊಂಬೆ ಅಂಗಡಿಯವನೂ ದೂರದಲ್ಲಿ ಹಾರಿಹೋಗುವ ಕಾರುಗಳ ಸದ್ದು ಕೇಳುತ್ತಾ ಕೂತಿದ್ದಾರೆ. ನಮ್ಮ ವಡೆ ರೈಲು ನಿಲ್ದಾಣದಲ್ಲಿ ಹುಟ್ಟಿದ್ದು. ಈರುಳ್ಳಿ ಕಂದಬೇಕು, ಅಂಚು ಮುರಿದರೆ ಸದ್ದು ಬರಬೇಕು, ಆದರೆ ನಡುವೆ ಮೆತ್ತಗಿರಬೇಕು. ಮುಂದಿನ ಸಲ ಹಳೆಯ ರಸ್ತೆಗೆ ಇಳಿಯಿರಿ. ಟೋಲೂ ಉಳಿಯುತ್ತದೆ.
— ಮದ್ದೂರಿನ ಓದುಗ

ವಡೆಯ ವಿಷಯ ಇಲ್ಲಿಗೆ ನಿಲ್ಲಿಸೋಣ.

ನಾಲ್ಕು ದಶಕ ವಿಮಾ ಕ್ಷೇತ್ರದಲ್ಲಿ ಇದ್ದವನಾಗಿ ಒಂದು ಎಚ್ಚರಿಕೆ. ಪೆಟ್ರೋಲ್ ಖರ್ಚು ಹಂಚಿಕೊಳ್ಳುವುದು ಬೇರೆ, ಕಿಲೋಮೀಟರಿಗೆ ಇಷ್ಟು ಎಂದು ಬಾಡಿಗೆ ಪಡೆಯುವುದು ಬೇರೆ. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇದನ್ನೇ. ಗುಂಪಿನಲ್ಲಿ ಹಾಕಿದ ಲೆಕ್ಕದಲ್ಲಿ ‘ಕಾರಿನ ಸವಕಳಿ’ ಎಂದು ಏನಾದರೂ ಬರೆದಿದ್ದರೆ ಅಳಿಸಿ. ಮತ್ತೆ ಆ ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಮಿತಿ, ಕ್ಯಾಮೆರಾಗಳಿವೆ. ದಂಡದ ಸಂದೇಶ ಕಾರಿನ ಒಡತಿಯ ಮೊಬೈಲಿಗೆ ಬರುತ್ತದೆಯೇ ಹೊರತು ‘ಇನ್ನೂ ಜೋರಾಗಿ ಓಡಿಸು’ ಎಂದವರಿಗಲ್ಲ.
— ಹೆಸರು ಬೇಡ, ಶಿವಮೊಗ್ಗ

ಈ ಮುಂದಿನ ಪತ್ರ ಉದ್ದವಾಗಿದೆ. ಮೊಟಕುಗೊಳಿಸಲು ಕುಳಿತೆವು, ಕೈ ಬರಲಿಲ್ಲ.

ನಿಮ್ಮ ಓದುಗರ ಪತ್ರದಲ್ಲಿ ‘ತಲೆನೋವು’ ಎಂಬ ಪದ ನೋಡಿ ಪತ್ರಿಕೆ ಮಡಚಿಟ್ಟೆ. ರಾತ್ರಿ ಮತ್ತೆ ತೆಗೆದೆ.

1996. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೆ. ಹನ್ನೊಂದು ಹುಡುಗರು ಒಂದು ಮ್ಯಾಟಡೋರ್ ಮಾಡಿಕೊಂಡು ಹೊಸಪೇಟೆ, ಹಂಪಿಗೆ ಹೋಗುವುದೆಂದಾಯಿತು. ತಲೆಗೆ ನೂರೈವತ್ತು ರೂಪಾಯಿ. ಅಪ್ಪ ಹತ್ತಿ ಗಿರಣಿಯಲ್ಲಿದ್ದವರು. ಗಿರಣಿ ಮುಚ್ಚಿ ಆಗ ಎರಡು ವರ್ಷ. ಅವ್ವ ಯಾರಿಂದಲೋ ನೂರು ತಂದುಕೊಟ್ಟಳು, ಇನ್ನೈವತ್ತು ಆಮೇಲೆ ಎಂದು ಹೇಳಿ ಹತ್ತಿದೆ. ಚೀಲದಲ್ಲಿ ಎರಡು ಸೇರು ಮಂಡಕ್ಕಿ, ಪೊಟ್ಟಣದಲ್ಲಿ ಶೇಂಗಾ, ಹಸಿಮೆಣಸಿನಕಾಯಿ.

ಹೊಸಪೇಟೆಯಲ್ಲಿ ಎಲ್ಲರೂ ಊಟಕ್ಕೆ ಇಳಿದಾಗ ಹೊಟ್ಟೆನೋವು ಎಂದೆ. ವಿಜಯ ವಿಠ್ಠಲ ದೇವಾಲಯದ ಟಿಕೆಟ್ ಕೌಂಟರಿನ ಎದುರೂ ಅದೇ ಹೊಟ್ಟೆನೋವು. ಆನೆಗೊಂದಿಯ ಕಡೆಗೆ ಹರಿಗೋಲಿನಲ್ಲಿ ದಾಟುವಾಗ ತಲೆಗಿಷ್ಟು ಎಂದ ಕೂಡಲೇ ನಾನೇ ಮುಂದೆ ಬಂದು, ನೀವು ಹೋಗಿ, ಚಪ್ಪಲಿ ನಾನು ಕಾಯುತ್ತೇನೆ ಎಂದೆ. ಹತ್ತು ಜೊತೆ ಚಪ್ಪಲಿ, ಅದರಲ್ಲಿ ಒಂದು ಹೊಸ ಬಾಟಾ. ಬಿಸಿ ಬಂಡೆಯ ಮೇಲೆ ಅವುಗಳನ್ನು ಸಾಲಾಗಿ ಜೋಡಿಸಿ, ಹಿಂದೆ ಕುಳಿತು ಮಂಡಕ್ಕಿ ತಿಂದೆ. ಹರಿಗೋಲು ತಿರುಗುತ್ತಾ ತಿರುಗುತ್ತಾ ಹೋಗುವುದು, ಅವರ ಕೂಗಾಟ, ಎಲ್ಲ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಬಹಳ ಹಸಿವಾಗಿತ್ತು ಅಷ್ಟೇ.

ಹಿಂದಿರುಗುವಾಗ ಹರಪನಹಳ್ಳಿ ದಾಟಿದ ಮೇಲೆ, ಲೆಕ್ಕ ಇಟ್ಟಿದ್ದವನು ಮ್ಯಾಟಡೋರಿನೊಳಗೆ ದೀಪ ಹಾಕಿಸಿ ನೋಟ್‌ಬುಕ್ ಓದಿದ. ಪ್ರಾಮಾಣಿಕ ಹುಡುಗ, ಎಂಟಾಣೆಯನ್ನೂ ಬಿಟ್ಟಿರಲಿಲ್ಲ. ಕೊನೆಗೆ ನನ್ನ ಹೆಸರು ಓದಿ, ‘ಐವತ್ತು ಬಾಕಿ’ ಎಂದ. ಯಾರೂ ನಗಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಅವನು ತಪ್ಪೇನು ಮಾಡಿದ? ಇದ್ದದ್ದನ್ನು ಓದಿದ. ನಾಲ್ಕು ತಿಂಗಳಾದ ಮೇಲೆ ಹಣ ತೀರಿಸಿದೆ. ಅವನ ಮನೆ ನಮ್ಮ ಓಣಿಯ ಹಿಂದಿನದೇ. ಮತ್ತೆ ಆ ಮನೆಗೆ ಹೋಗಲಿಲ್ಲ.

ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕ. ಕೈ ಹಿಡಿದು, ‘ಹೊಟ್ಟೆನೋವು ಹೇಗಿದೆಯೋ?’ ಎಂದ. ಅವನಿಗೆ ಆಗಲೇ ಗೊತ್ತಿತ್ತೇ, ಸುಮ್ಮನೆ ತಮಾಷೆಗೆ ಕೇಳಿದನೇ, ತಿಳಿಯಲಿಲ್ಲ. ಊಟದ ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ಕುಳಿತೆ, ಆದರೂ ಕೇಳಲಾಗಲಿಲ್ಲ.

ತಂಗಿ, ಗುಂಪಿನಲ್ಲಿ ಹಾಕಿದ ಲೆಕ್ಕವನ್ನು ತೆಗೆದುಬಿಡಿ. ಅವಳ ಮನೆಗೆ ಒಂದು ಸಲ ಹೋಗಿ ಬನ್ನಿ. ಹಣದ ಮಾತು ಬಂದರೆ ಬರಲಿ.
— ದಾವಣಗೆರೆ

ಎರಡೇ ಪತ್ರಗಳಲ್ಲಿ ತಲೆನೋವಿನ ಪ್ರಸ್ತಾಪವಿತ್ತು. ಎರಡನೆಯದು ಇದು:

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಮೂರು ಗಂಟೆ ಒಬ್ಬಳೇ ಕುಳಿತಿದ್ದಳೇ? ಹೊರಡುವಾಗ ಅವಳಿಗೆ ತಿನ್ನಲು ಏನಾದರೂ ಕೊಟ್ಟು ಹೋಗಿದ್ದಿರಾ?
— ಶುಶ್ರೂಷಕಿ, ಕಲಬುರಗಿ

ಪತ್ರ ಬರೆದ ಓದುಗರಿಗೆ ಇವೆರಡನ್ನೂ ಅಚ್ಚಿಗೆ ಮುಂಚೆಯೇ ಕಳುಹಿಸಿದ್ದೇವೆ. ಇನ್ನೂ ಹದಿಮೂರು ಪತ್ರಗಳು ನಮ್ಮ ಬಳಿ ಉಳಿದಿವೆ. ಅವುಗಳಲ್ಲಿ ಎಂಟು ಮದ್ದೂರು ವಡೆಯ ಬಗ್ಗೆ.