ಹಣ ಕಳಿಸಿದರೆ ಸಾಲದೆ, ಪೆಟ್ಟಿಗೆಯನ್ನೂ ಏಕೆ ಕಳಿಸುತ್ತಾರೆ? ಫಿಲಿಪ್ಪೀನ್ಸ್‌ನವರ ಬಾಲಿಕ್‌ಬಾಯನ್ ಬಾಕ್ಸ್ ಕುರಿತು

ಪ್ರಶ್ನೆ (ಕಡಲಾಚೆ):
ನಾನು ದುಬೈನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನನ್ನ ಜೊತೆ ಒಂದೇ ಫ್ಲ್ಯಾಟಿನಲ್ಲಿರುವ ಫಿಲಿಪ್ಪೀನ್ಸ್‌ನ ನರ್ಸ್ ಒಬ್ಬರ ಮಂಚದ ಪಕ್ಕದಲ್ಲಿ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆಯೊಂದು ಮಾರ್ಚ್‌ನಿಂದಲೂ ಬಾಯಿ ತೆರೆದುಕೊಂಡು ನಿಂತಿದೆ. ಪ್ರತಿ ತಿಂಗಳು ಸಂಬಳ ಬಂದ ವಾರ ಅದರೊಳಗೆ ಟೂತ್‌ಪೇಸ್ಟ್, ಸೋಪು, ಕಾಫಿಪುಡಿ, ಟವೆಲ್, ಮಾಂಸದ ಡಬ್ಬಿಗಳು ಸೇರುತ್ತವೆ. ಶೂ ಒಳಗೆ ಕಾಲುಚೀಲ, ಕಾಲುಚೀಲದೊಳಗೆ ಚಾಕೊಲೇಟ್ ತುರುಕುತ್ತಾರೆ. ಮನೆಗೆ ತಪ್ಪದೆ ಹಣವನ್ನೂ ಕಳಿಸುತ್ತಾರೆ. ಇವೆಲ್ಲ ಮನಿಲಾದ ಅಂಗಡಿಗಳಲ್ಲೇ ಸಿಗುವಾಗ, ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ತಲುಪುವ ಸೋಪಿಗೆ ಅವರು ಇಷ್ಟು ಶ್ರಮಪಡುವುದೇಕೆ? ಇದಕ್ಕೆ ಸುಂಕ ಬೀಳುವುದಿಲ್ಲವೇ? ಅವರನ್ನೇ ಕೇಳೋಣವೆಂದರೆ, ಕುಹಕದ ಮಾತೆಂದು ನೊಂದುಕೊಂಡಾರೇನೋ ಎಂಬ ಸಂಕೋಚ.

ಉತ್ತರ 1 (ಹಳೆಯ ವಲಸಿಗ):
ಹಾಂಗ್‌ಕಾಂಗ್‌ನಲ್ಲಿ ಹನ್ನೊಂದು ವರ್ಷ ಇದ್ದವನಾದ್ದರಿಂದ ಇದನ್ನು ಹತ್ತಿರದಿಂದ ನೋಡಿದ್ದೇನೆ. ತಗಾಲೊಗ್ ಭಾಷೆಯಲ್ಲಿ ‘ಬಾಲಿಕ್’ ಎಂದರೆ ಮರಳುವುದು, ‘ಬಾಯನ್’ ಎಂದರೆ ನಾಡು. ನಾಡಿಗೆ ಮರಳಿದವರೇ ಬಾಲಿಕ್‌ಬಾಯನ್. ಪರದೇಶಗಳಲ್ಲಿ ನೆಲೆಸಿದವರು ರಜೆಗೆ ತವರಿಗೆ ಬರಲೆಂದು 1973ರಲ್ಲಿ ಅಲ್ಲಿನ ಅಧ್ಯಕ್ಷ ಮಾರ್ಕೋಸ್ ಅವರ ಸರಕಾರ ಆರಂಭಿಸಿದ ಕಾರ್ಯಕ್ರಮದಿಂದ ಈ ಪದ ಎಲ್ಲರ ಬಾಯಿಗೆ ಬಂತು. ಮರುವರ್ಷವೇ ಬಂದ ಕಾರ್ಮಿಕ ಸಂಹಿತೆಯು ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವುದನ್ನು ಸರಕಾರದ ನೀತಿಯಾಗಿಯೇ ಮಾಡಿತು. ಹೀಗೆ ಹೋದವರು ಕರಾರು ಮುಗಿಯುವವರೆಗೆ, ಅಂದರೆ ಸಾಮಾನ್ಯವಾಗಿ ಎರಡು ವರ್ಷ, ಊರಿನ ಮುಖ ನೋಡುವಂತಿರಲಿಲ್ಲ. ತಾವು ಬರಲಾಗದಿದ್ದಾಗ ಪೆಟ್ಟಿಗೆ ಬಂತು.

ಊರಿಗೆ ಹೋಗುವವರು ಬರಿಗೈಯಲ್ಲಿ ಹೋಗಬಾರದೆಂಬುದು ಅವರಲ್ಲಿ ಗಟ್ಟಿಯಾದ ರೂಢಿ. ಹಾಗೆ ಒಯ್ಯುವ ಉಡುಗೊರೆಗೆ ‘ಪಸಾಲುಬೊಂಗ್’ ಎನ್ನುತ್ತಾರೆ. ತಾವು ಹೇಳಿದ ಸೋಪನ್ನು ಆ ಕಣ್ಣಿನಿಂದ ನೋಡಬೇಕು. ಕಳಿಸಿದ ಹಣ ಶಾಲೆಯ ಶುಲ್ಕಕ್ಕೆ, ಸಾಲಕ್ಕೆ, ಮನೆಯ ಚಾವಣಿಗೆ ಹೋಗಿ ಕರಗುತ್ತದೆ. ಅದರಲ್ಲಿ ಅಜ್ಜಿಯ ಪಾಲೆಷ್ಟು, ನಾದಿನಿಯ ಮಗುವಿನ ಪಾಲೆಷ್ಟು ಎಂದು ತೋರಿಸಲಾಗದು. ಪೆಟ್ಟಿಗೆಯಲ್ಲಾದರೆ ಪ್ರತಿ ಪೊಟ್ಟಣದ ಮೇಲೂ ಮಾರ್ಕರ್‌ನಲ್ಲಿ ಒಬ್ಬೊಬ್ಬರ ಹೆಸರು ಬರೆದಿರುತ್ತದೆ.

ಇನ್ನು ಕಾಲುಚೀಲದೊಳಗಿನ ಚಾಕೊಲೇಟಿನ ಮಾತು. ಸಮುದ್ರ ಮಾರ್ಗದ ಈ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ತೂಕಕ್ಕಲ್ಲ, ಗಾತ್ರಕ್ಕೆ ದರ. ಅರ್ಧ ತುಂಬಿದರೂ ಅದೇ ಬಾಡಿಗೆ, ಎಳ್ಳು ಹಾಕಲು ಜಾಗವಿಲ್ಲದಂತೆ ತುಂಬಿದರೂ ಅದೇ ಬಾಡಿಗೆ. ಭಾನುವಾರದ ರಜೆಯಂದು ಹಾಂಗ್‌ಕಾಂಗ್‌ನ ಸೆಂಟ್ರಲ್ ಪ್ರದೇಶದ ರಸ್ತೆಬದಿಯಲ್ಲಿ ರಟ್ಟು ಹಾಸಿ ಕುಳಿತ ಮನೆಗೆಲಸದ ಹೆಣ್ಣುಮಕ್ಕಳು ಇಂಥ ಪೆಟ್ಟಿಗೆಗಳನ್ನು ಕಟ್ಟುವುದನ್ನು ನೋಡಿದವರಿಗೆ ಆ ಕೈಚಳಕ ಮರೆಯುವುದಿಲ್ಲ. ಮಾಲೀಕರ ಮನೆಯಲ್ಲಿ ಸ್ವಂತಕ್ಕೊಂದು ಕೋಣೆಯಾಗಲಿ ಕಪಾಟಾಗಲಿ ಇಲ್ಲದವರೂ ಅವರಲ್ಲಿದ್ದರು.

ಉತ್ತರ 2 (ಬಂದರುಕಟ್ಟೆ):
ಸುಂಕದ ಪ್ರಶ್ನೆಗೆ ಉತ್ತರಿಸುತ್ತೇನೆ. 1987ರಲ್ಲಿ ಕೊರಾಜೋನ್ ಅಕಿನೊ ಸರಕಾರ ವಿನಾಯಿತಿ ಕೊಟ್ಟಿತಾದರೂ ಅದರ ಮಿತಿ 500 ಡಾಲರ್. 2015ರ ಆಗಸ್ಟ್‌ನಲ್ಲಿ ಕಳ್ಳಸಾಗಣೆ ತಡೆಯುವ ಸಲುವಾಗಿ ಪೆಟ್ಟಿಗೆಗಳನ್ನು ಅಲ್ಲಲ್ಲಿ ತೆರೆದು ತಪಾಸಣೆ ಮಾಡುವುದಾಗಿ ಅಲ್ಲಿನ ಕಸ್ಟಮ್ಸ್ ಹೇಳಿದಾಗ, ಹೊರದೇಶಗಳಲ್ಲಿರುವ ಕಾರ್ಮಿಕರು ಎಷ್ಟು ಸಿಡಿದೆದ್ದರೆಂದರೆ, ಅಧ್ಯಕ್ಷ ಬೆನಿಗ್ನೊ ಅಕಿನೊ ಅವರೇ ಮಧ್ಯೆ ಬಂದು, ಎಕ್ಸ್‌ರೇ ಮತ್ತು ಶ್ವಾನ ತಪಾಸಣೆಯಲ್ಲಿ ಅನುಮಾನ ಬಂದ ಹೊರತು ಪೆಟ್ಟಿಗೆ ತೆರೆಯಕೂಡದೆಂದು ಆದೇಶಿಸಬೇಕಾಯಿತು. ನನ್ನ ಮಟ್ಟಿಗೆ ಆ ಸಿಟ್ಟು ನ್ಯಾಯವಾದದ್ದೇ. 2016ರ ಕಾನೂನು ಮಿತಿಯನ್ನು 1,50,000 ಪೆಸೊಗೆ ಏರಿಸಿತು. ವರ್ಷಕ್ಕೆ ಮೂರು ಬಾರಿ ಈ ಸೌಲಭ್ಯ ಪಡೆಯಬಹುದು. ಸಾಮಾನು ಮನೆಬಳಕೆಯದಾಗಿರಬೇಕು, ವ್ಯಾಪಾರದ ಪ್ರಮಾಣದಲ್ಲಿ ಇರಬಾರದು.

ತಮ್ಮ ಗೆಳತಿಗೆ ಹೇಳಬೇಕಾದ ನಿಜವಾದ ಎಚ್ಚರಿಕೆ ಬೇರೆಯೇ ಇದೆ. ನನ್ನ ಸಹೋದ್ಯೋಗಿಯೊಬ್ಬರು ಅಗ್ಗದ ದರಕ್ಕೆ ಮನಸೋತು ಸಣ್ಣ ಏಜೆನ್ಸಿಯೊಂದಕ್ಕೆ ಪೆಟ್ಟಿಗೆ ಒಪ್ಪಿಸಿದರು. ಆ ಏಜೆನ್ಸಿ ಮನಿಲಾದ ತನ್ನ ಪಾಲುದಾರರಿಗೆ ಹಣ ಕಟ್ಟದ್ದರಿಂದ ಕಂಟೇನರ್ ಬಂದರಿನಲ್ಲೇ ಉಳಿಯಿತು. ಎಂಟು ತಿಂಗಳ ಮೇಲೆ ಪೆಟ್ಟಿಗೆ ಸಿಕ್ಕಾಗ ತಿನ್ನುವ ಪದಾರ್ಥವೆಲ್ಲ ಕೆಟ್ಟಿತ್ತು. ಇದು ಅವರೊಬ್ಬರ ಕಥೆಯಲ್ಲ. ಹೀಗೆ ಕೈಬಿಟ್ಟ ಕಂಟೇನರ್‌ಗಳ ಪೆಟ್ಟಿಗೆಗಳನ್ನು 2022ರ ಕೊನೆಯ ಹೊತ್ತಿಗೆ ಕಸ್ಟಮ್ಸ್‌ನವರೇ ವಾರಸುದಾರರಿಗೆ ತಲುಪಿಸಬೇಕಾಗಿ ಬಂದಿತ್ತು. ಆದ್ದರಿಂದ ರಸೀದಿ, ಸಾಮಾನುಗಳ ಪಟ್ಟಿ ಮತ್ತು ಪೆಟ್ಟಿಗೆಯ ಸಂಖ್ಯೆಯ ಫೋಟೊ ಇಟ್ಟುಕೊಳ್ಳಲಿ.

ಉತ್ತರ 3 (ನೀಲಾಂಬರಿ):
ಸಂಕೋಚ ಬೇಡ, ಪೆಟ್ಟಿಗೆಯಲ್ಲಿ ಯಾರಿಗೆ ಏನಿದೆ ಎಂದು ಕೇಳಿ. ಅವರು ಸಂತೋಷದಿಂದಲೇ ಹೇಳುತ್ತಾರೆ. ಕ್ರಿಸ್‌ಮಸ್‌ಗೆ ತಲುಪಬೇಕಿದ್ದರೆ ಸೆಪ್ಟೆಂಬರ್ ಒಳಗೇ ಕಳಿಸುವುದು ಒಳ್ಳೆಯದು, ಏಕೆಂದರೆ ವಿಸಾಯಸ್, ಮಿಂಡನಾವೊ ದ್ವೀಪಗಳ ಕಡೆಯ ಊರುಗಳಿಗೆ ಮನಿಲಾದಿಂದ ಮತ್ತೆ ಹಡಗು ಹಿಡಿಯಬೇಕು.

ಪ್ರಶ್ನೆ ಕೇಳಿದವರಿಂದ (ಕಡಲಾಚೆ):
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕೇಳಿದೆ. ಅವರು ಪೆಟ್ಟಿಗೆಯ ಬದಿಯಿಂದ ಮಡಚಿದ ಕಾಗದವೊಂದನ್ನು ತೆಗೆದು ತೋರಿಸಿದರು. ಅದರ ಮೇಲೆ ಪೆನ್ಸಿಲಿನಲ್ಲಿ ಎರಡು ಪುಟ್ಟ ಪಾದಗಳ ಸುತ್ತುಗೆರೆ ಇತ್ತು. ಊರಿನಿಂದ ಬಂದ ಪರಿಚಯದವರೊಬ್ಬರ ಕೈಯಲ್ಲಿ ತಾಯಿ ಕಳಿಸಿದ್ದು. ಮಗನ ಶೂ ಅಳತೆ ಅದು. ಪೆಟ್ಟಿಗೆ ಊರು ಮುಟ್ಟುವಷ್ಟರಲ್ಲಿ ಕಾಲು ಬೆಳೆದಿರುತ್ತದೆಂದು ಗೆರೆಯ ಹೊರಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಇನ್ನೊಂದು ಗೆರೆ ಎಳೆದುಕೊಂಡಿದ್ದರು. ಈ ಶುಕ್ರವಾರ ಪೆಟ್ಟಿಗೆ ಮುಚ್ಚುತ್ತಾರಂತೆ. ಟೇಪ್ ಸುತ್ತುವಾಗ ಮುಚ್ಚಳವನ್ನು ಒತ್ತಿ ಹಿಡಿಯಲು ನನ್ನನ್ನು ಕರೆದಿದ್ದಾರೆ.