ಮನೆಯಲ್ಲಿ ಕಾವು ಪೆಟ್ಟಿಗೆ: ಒಣ ಊರಿನಲ್ಲಿ ತೇವಾಂಶ ಹಿಡಿದಿಡುವುದು ಹೇಗೆ?

ಚಳ್ಳಕೆರೆಯಿಂದ ಪ್ರಶ್ನೆ:
ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಸಣ್ಣ ಫ್ಯಾನು ಸೇರಿಸಿ ಇನ್‌ಕ್ಯುಬೇಟರ್ ಮಾಡಿಕೊಂಡಿದ್ದೇನೆ. ಇಟ್ಟದ್ದು ನಾಟಿ ಕೋಳಿಯ ಮೊಟ್ಟೆ. ಬಂಟ್ವಾಳದಲ್ಲಿರುವ ನಮ್ಮ ಭಾವ ಹೇಳಿಕೊಟ್ಟ ಹಾಗೆ ಒಂದು ಚಿಕ್ಕ ಬಟ್ಟಲಿನಲ್ಲಿ ನೀರಿಟ್ಟೆ. ಅವರ ಮನೆಯಲ್ಲಿ ಮರಿಗಳು ಸಲೀಸಾಗಿ ಹೊರಬರುತ್ತವೆ. ನಮ್ಮಲ್ಲಿ 21ನೇ ದಿನ ಕೆಲವು ಚಿಪ್ಪು ಕುಕ್ಕಿ ಅಲ್ಲಿಗೇ ನಿಂತುಬಿಟ್ಟವು. ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿ. ಪೊರೆ ಒಣಗಿ ಮೈಗೆ ಅಂಟಿಕೊಂಡಿತ್ತು. ತೇವಾಂಶದ ಮೀಟರ್ ಮಾತ್ರ ಉದ್ದಕ್ಕೂ ಶೇಕಡಾ 60 ತೋರಿಸುತ್ತಿತ್ತು. ತಿಳಿದವರು ದಯವಿಟ್ಟು ಹೇಳಿ.

ಪುತ್ತೂರಿನಿಂದ:
ನಿಮ್ಮ ಭಾವ ಹೇಳಿದ್ದರಲ್ಲಿ ತಪ್ಪಿಲ್ಲ, ಅವರ ಊರಿನ ಗಾಳಿಯೇ ಬೇರೆ. ಮಳೆಗಾಲದಲ್ಲಿ ನಮ್ಮ ಕಡೆ ಹೊರಗೆ 27 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 90 ಇರುತ್ತದೆ ಎಂದುಕೊಳ್ಳಿ. ಅದೇ ಗಾಳಿಯನ್ನು ಪೆಟ್ಟಿಗೆಯೊಳಗೆ 37.5ಕ್ಕೆ ಕಾಯಿಸಿದರೆ ತೇವಾಂಶ ಸುಮಾರು 50ಕ್ಕೆ ಇಳಿಯುತ್ತದೆ. ಮೊದಲ 18 ದಿನಕ್ಕೆ ಬೇಕಾಗಿರುವುದು 45ರಿಂದ 55. ಅಂದರೆ ಜೂನ್, ಜುಲೈನಲ್ಲಿ ನಾವು ಒಂದು ತೊಟ್ಟು ನೀರನ್ನೂ ಇಡಬೇಕಾಗಿಲ್ಲ. ನಿಮ್ಮ ಊರಿನ ಬೇಸಿಗೆಯ ಮಧ್ಯಾಹ್ನದ ಗಾಳಿಯನ್ನು ಹಾಗೆಯೇ ಒಳಗೆ ಬಿಟ್ಟರೆ 25 ಸಿಕ್ಕಿದರೆ ದೊಡ್ಡದು. ಚಿಕ್ಕ ಬಟ್ಟಲು ಅದಕ್ಕೆ ಎಲ್ಲಿ ಸಾಕು!

ನಮ್ಮ ಕಷ್ಟ ನಿಮ್ಮದಕ್ಕೆ ತಿರುಗುಮುರುಗು. ತೇವ ಹೆಚ್ಚಾದರೆ ಮೊಟ್ಟೆಯೊಳಗಿನ ನೀರು ಹೋಗುವುದಿಲ್ಲ, ಗಾಳಿಚೀಲ ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಊದಿಕೊಂಡು ತಿರುಗಲು ಜಾಗವಿಲ್ಲದೆ ಒಳಗೇ ಸಾಯುತ್ತದೆ. ಒಡೆದರೆ ಲೋಳೆ ಸುರಿಯುತ್ತದೆ. ನಿಮ್ಮದು ಒಣಗಿ ಸತ್ತದ್ದೆಂಬುದರಲ್ಲಿ ನನಗೆ ಅನುಮಾನವಿಲ್ಲ.

ತಿಪಟೂರಿನಿಂದ:
ಮೇಲಿನವರ ಮಾತು ಸರಿ. ಆದರೆ ಮೀಟರ್ 60 ಎಂದಿತಲ್ಲ, ಅದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಅಗ್ಗದ ಮೀಟರುಗಳು ಹತ್ತು, ಹದಿನೈದು ಅಂಕ ಆಚೀಚೆ ಹೇಳುವುದು ಮಾಮೂಲು. ನೀರಿನ ಬಟ್ಟಲಿನ ಪಕ್ಕದಲ್ಲೇ ಇಟ್ಟಿದ್ದರಂತೂ ಅದು ಬಟ್ಟಲಿನ ಸುದ್ದಿ ಹೇಳುತ್ತದೆಯೇ ಹೊರತು ಮೊಟ್ಟೆಯದ್ದಲ್ಲ. ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕರಗದೆ ಒದ್ದೆಮುದ್ದೆಯಾಗುವಷ್ಟು ಮಾತ್ರ ನೀರು ಚಿಮುಕಿಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ತೋರಿಸಬೇಕು. 87 ತೋರಿಸಿದರೆ ಇನ್ನು ಮುಂದೆ ಅದು ಹೇಳಿದ್ದರಲ್ಲಿ 12 ಕಳೆದುಕೊಳ್ಳಿ.

ಇಷ್ಟಾದ ಮೇಲೂ ನಾನು ನಂಬುವುದು ತಕ್ಕಡಿಯನ್ನು. 18ನೇ ದಿನದ ಹೊತ್ತಿಗೆ ಮೊಟ್ಟೆಯ ತೂಕ ಶೇಕಡಾ 11ರಿಂದ 13ರಷ್ಟು ಇಳಿದಿರಬೇಕು. ಒಂದೊಂದನ್ನೇ ತೂಗುತ್ತಾ ಕೂರಬೇಡಿ, ಟ್ರೇ ಸಮೇತ ತೂಗಿ ಟ್ರೇಯ ತೂಕ ಕಳೆಯಿರಿ. ಉದಾಹರಣೆಗೆ 45 ಗ್ರಾಮಿನ 30 ಮೊಟ್ಟೆ ಎಂದರೆ 1,350 ಗ್ರಾಂ. 18 ದಿನಕ್ಕೆ ಸುಮಾರು 160 ಗ್ರಾಂ ಹೋಗಬೇಕು. ವಾರಕ್ಕೆ 63ರ ಆಸುಪಾಸು. ಮೊದಲ ವಾರವೇ 90 ಗ್ರಾಂ ಹೋಗಿದ್ದರೆ ನೀರಿನ ಹರವು ಹೆಚ್ಚಿಸಿ, 40 ಮಾತ್ರ ಹೋಗಿದ್ದರೆ ತಟ್ಟೆಯನ್ನು ಹೊರಗೆ ತೆಗೆದಿಡಿ. ಏಳನೇ ದಿನ ಟಾರ್ಚ್ ಬೆಳಕಿನಲ್ಲಿ ನೋಡಿ ಬರಡು ಮೊಟ್ಟೆಗಳನ್ನು ತೆಗೆದುಹಾಕಿದ ಮೇಲೆ ಹೊಸದಾಗಿ ತೂಗಿ ಬರೆದಿಟ್ಟುಕೊಳ್ಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಲೆಕ್ಕವೆಲ್ಲ ಬುಡಮೇಲು.

ಹರವು ಎಂದೆನಲ್ಲ, ಅದೇ ಮುಖ್ಯ. ಪಾತ್ರೆ ಎಷ್ಟು ಆಳವಿದೆ ಎಂಬುದರಿಂದ ತೇವಾಂಶ ಬದಲಾಗುವುದಿಲ್ಲ. ಗಾಳಿಗೆ ತೆರೆದ ನೀರಿನ ಅಗಲ ಎಷ್ಟು ಎಂಬುದರಿಂದ ಬದಲಾಗುತ್ತದೆ. ಚೊಂಬಿನ ಬದಲು ಊಟದ ತಟ್ಟೆ ಇಡಿ. ಅದೂ ಸಾಲದಿದ್ದರೆ ಸ್ಪಂಜು ಅಥವಾ ಹತ್ತಿಬಟ್ಟೆಯ ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ ಉಳಿದದ್ದನ್ನು ನೆಟ್ಟಗೆ ನಿಲ್ಲಿಸಿ.

ಹುಬ್ಬಳ್ಳಿಯಿಂದ:
ತೇವಾಂಶದ ಬಗ್ಗೆ ಎಲ್ಲರೂ ಬರೆದಿದ್ದೀರಿ, ಶಾಖದ ಬಗ್ಗೆ ಯಾರೂ ಕೇಳಲಿಲ್ಲ. ಶಾಖ ಏರಿಳಿದರೆ ತೇವಾಂಶವೂ ಅದರ ಹಿಂದೆಯೇ ಕುಣಿಯುತ್ತದೆ. ಅಗ್ಗದ ಥರ್ಮೋಸ್ಟಾಟ್ ಬೋರ್ಡುಗಳಲ್ಲಿ ಕೆಲವು ಬರುವಾಗಲೇ 2 ಡಿಗ್ರಿ ಅಂತರಕ್ಕೆ ಹೊಂದಿಸಿರುತ್ತವೆ: 37.5ಕ್ಕೆ ಬಲ್ಬು ಆರಿದರೆ 35.5ಕ್ಕೆ ಇಳಿಯುವವರೆಗೂ ಮತ್ತೆ ಹೊತ್ತುವುದಿಲ್ಲ. ಅದನ್ನು 0.3ಕ್ಕೆ ಇಳಿಸಿ. ಸೆನ್ಸರ್ ತತ್ತಿಗಳ ಮೇಲ್ಮೈಯ ಮಟ್ಟದಲ್ಲಿರಲಿ, ಬಲ್ಬಿನ ಬೆಳಕು ನೇರವಾಗಿ ಬೀಳದಿರಲಿ. ಅದು ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಲು ಜ್ವರ ನೋಡುವ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟು ಹೋಲಿಸಿ. ಈ ಮಟ್ಟದ ಶಾಖವನ್ನು ನಿಖರವಾಗಿ ಅಳೆಯಲೆಂದೇ ಮಾಡಿದ ಸಾಧನ ಅದು. ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ತತ್ತಿಯ ಮೇಲ್ಭಾಗದಲ್ಲಿ 38.5ರಷ್ಟು ಇರಬೇಕು.

ಒಂದು ದೊಡ್ಡ ಬಲ್ಬಿಗಿಂತ ಎರಡು ಸಣ್ಣವು ಮೇಲು. ಒಂದು ಸುಟ್ಟರೂ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ. ಹಾಗೆಯೇ ಥರ್ಮೋಸ್ಟಾಟಿನೊಳಗೆ ಬಲ್ಬು ಹೊತ್ತಿಸಿ ಆರಿಸುವ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡು ಬಲ್ಬು ಆರದೇ ಹೋದರೆ ಎಲ್ಲವೂ ಬೇಯುತ್ತದೆ, ಅದಕ್ಕೆ 38.5ಕ್ಕೆ ಕಡಿಯುವ ಎರಡನೇ ಥರ್ಮೋಸ್ಟಾಟನ್ನು ಅದೇ ಸಾಲಿನಲ್ಲಿ ಹಾಕಿಸಿ. ವೈರಿಂಗ್ ಗೊತ್ತಿದ್ದವರಿಂದಲೇ ಮಾಡಿಸಿ, ಒಳಗೆ ನೀರಿದೆ.

ಕರೆಂಟ್ ಹೋಯಿತೆಂದು ಗಾಬರಿ ಬೇಡ. ಒಂದೆರಡು ಗಂಟೆ ತಣ್ಣಗಾದರೆ ಮರಿ ತಡೆದುಕೊಳ್ಳುತ್ತದೆ. ಮುಚ್ಚಳ ತೆಗೆಯಬೇಡಿ, ಮೇಲೆ ಕಂಬಳಿ ಹೊದಿಸಿ. ಆದರೆ ಗಾಳಿಯ ತೂತುಗಳು ಮುಚ್ಚಿಹೋಗಬಾರದು.

ಶಿರಸಿಯಿಂದ:
ಇಷ್ಟೆಲ್ಲ ಸರ್ಕಸ್ ಯಾಕೆ ತಮ್ಮಾ? ಕಾವಿಗೆ ಕೂತ ಹೇಂಟೆ ಒಂದಿದ್ದರೆ ಬುಟ್ಟಿಗೆ ಬೂದಿ ಉದುರಿಸಿ, ಮೇಲೆ ಹುಲ್ಲು ಹಾಸಿ, ಸಂಜೆ ಹೊತ್ತು ಹತ್ತೋ ಹನ್ನೆರಡೋ ಮೊಟ್ಟೆ ಇಟ್ಟು ಕೂರಿಸು. ಅದಕ್ಕೆ ಯಾವ ಮೀಟರೂ ಬೇಡ, ಮರಿಗಳನ್ನೂ ತಾನೇ ಸಾಕುತ್ತದೆ.

ತಿಪಟೂರಿನಿಂದ:
ಅಕ್ಕಾ, ಹೇಂಟೆಯ ಮುಂದೆ ಯಾವ ಯಂತ್ರವೂ ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ನಮಗೆ ಬೇಕಾದಾಗ ಅದು ಕಾವಿಗೆ ಬರುವುದಿಲ್ಲವಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ ಸಾಕಿದವರನ್ನು ಕೇಳಿ, ಅವು ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ.

ಚಳ್ಳಕೆರೆಯಿಂದ:
ಎಲ್ಲರಿಗೂ ನಮಸ್ಕಾರ. ಮೀಟರನ್ನು ಉಪ್ಪಿನೊಂದಿಗೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಇನ್ನೆರಡು ಪ್ರಶ್ನೆ. ಕೊನೆಯ ಮೂರು ದಿನ ತೇವಾಂಶ 65ರಿಂದ 70ಕ್ಕೆ ಏರಿಸಲು ಗಾಳಿಯ ತೂತು ಮುಚ್ಚಬಹುದೇ? ಚಿಪ್ಪು ಕುಕ್ಕಿ ನಿಂತ ಮರಿಗೆ ಕೈಯಿಂದ ಸಹಾಯ ಮಾಡಬಹುದೇ?

ಪುತ್ತೂರಿನಿಂದ:
ತೂತು ಮುಚ್ಚಲೇಬೇಡಿ. ಮರಿ ಉಸಿರಾಡಲು ಶುರು ಮಾಡುವುದೇ ಆಗ. ಬೇಕಿದ್ದರೆ ಇನ್ನೊಂದು ತಟ್ಟೆ ನೀರಿಡಿ. ಹದಿನೆಂಟನೇ ದಿನದಿಂದ ಮೊಟ್ಟೆ ಹೊರಳಿಸುವುದನ್ನು ನಿಲ್ಲಿಸಿ. ಇನ್ನು ಕೈಸಹಾಯ: ಮೊದಲ ತೂತು ಬಿದ್ದ ಮೇಲೆ ಇಡೀ ದಿನ ಸುಮ್ಮನಿರುವ ಮರಿಗಳು ಬೇಕಾದಷ್ಟಿವೆ. ಒಳಗಿನ ಹಳದಿ ಲೋಳೆಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವ, ಪೊರೆಯ ರಕ್ತನಾಳಗಳು ಒಣಗುವ ಸಮಯ ಅದು. ಆಗ ಸುಲಿದರೆ ರಕ್ತ ಸುರಿದು ಸಾಯುತ್ತದೆ. ಹೊರಬಂದವನ್ನು ತೆಗೆಯುವ ಅವಸರವೂ ಬೇಡ. ಆ ಲೋಳೆಯ ಬಲದಲ್ಲಿ ಅವು ಎರಡು ದಿನ ಕಾಳಿಲ್ಲದೆ ಇರಬಲ್ಲವು. ಒಂದಕ್ಕಾಗಿ ಮುಚ್ಚಳ ತೆಗೆದರೆ ಒಳಗಿನ ತೇವವೆಲ್ಲ ಹಾರಿಹೋಗಿ, ಕುಕ್ಕುತ್ತಿರುವ ಉಳಿದವುಗಳ ಪೊರೆ ಒಣಗುತ್ತದೆ. ಕಳೆದ ಸಲ ನಿಮ್ಮ ಪೆಟ್ಟಿಗೆಯಲ್ಲಿ ಇದೂ ನಡೆದಿರಬಹುದು.

ಹುಬ್ಬಳ್ಳಿಯಿಂದ:
ಮುಚ್ಚಳ ತೆಗೆಯದೆ ನೀರು ತುಂಬಲು ಔಷಧಿ ಅಂಗಡಿಯ ಸಲೈನ್ ಕೊಳವೆ ಸಾಕು. ಗೋಡೆಯ ತೂತಿನಿಂದ ಅದನ್ನು ಒಳಗಿನ ತಟ್ಟೆಗೆ ಇಳಿಬಿಟ್ಟು, ಹೊರಗಿನ ತುದಿಗೆ ಸಿರಿಂಜ್ ಸಿಕ್ಕಿಸಿ. ನೀರು ಉಗುರುಬೆಚ್ಚಗಿರಲಿ, ತಣ್ಣೀರು ಹಾಕಿದರೆ ಒಳಗಿನ ಶಾಖ ಇಳಿಯುತ್ತದೆ. ತಟ್ಟೆಯ ಮೇಲೆ ಜಾಲರಿ ಮುಚ್ಚಿರಿ, ಆಗ ಹುಟ್ಟಿದ ಮರಿ ಅದರೊಳಗೆ ಬೀಳುವುದಿಲ್ಲ.