ಪದಚರ್ಚೆ: ಹುಲ್ಲು ‘ಸವೆಯುತ್ತದೆ’ ಅನ್ನಬಹುದಾ? ಗಾಲ್ಫ್ ಮೈದಾನದ ಗಾಡಿ ಓಡಾಟಕ್ಕೆ ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ತಿಂಗಳಿಂದ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೆಂಗಳೂರಿನ ಹೊರಗಿನ ಒಂದು ಗಾಲ್ಫ್ ಮೈದಾನದವರು ತಮ್ಮ ಮಾಲಿಗಳಿಗೆ ಒಂದು ಕೈಪಿಡಿ, ಜೊತೆಗೆ ಕೆಲವು ಬೋರ್ಡುಗಳನ್ನು ಕನ್ನಡದಲ್ಲಿ ಬರೆದುಕೊಡಿ ಅಂತ ಕೇಳಿದ್ದರು. ಆಟಗಾರರು ಕೂತು ಓಡಾಡುವ ಬ್ಯಾಟರಿ ಗಾಡಿಗಳಿಂದ ಹುಲ್ಲು ಹಾಳಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಮೂಲ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಪುಟಪುಟಕ್ಕೂ ‘ವೇರ್’ ಅನ್ನುವ ಪದ. ನಾನು ಹೆಚ್ಚು ಯೋಚಿಸದೆ ಎಲ್ಲ ಕಡೆ ‘ಸವೆತ’ ಅಂತ ಬರೆದೆ. ಚಪ್ಪಲಿ ಸವೆಯುತ್ತದೆ, ಟೈರ್ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ. ಹುಲ್ಲೂ ಸವೆಯಬಹುದು ಅಂದುಕೊಂಡೆ.

ತಪ್ಪು ಗೊತ್ತಾಗಿದ್ದು ಮೈದಾನದಲ್ಲಿ. ‘ಸವೆತ ಇರುವ ಜಾಗಗಳಿಗೆ ಸುಣ್ಣದ ಗುರುತು ಹಾಕಿ’ ಅಂತ ಒಂದು ಸಾಲಿತ್ತು. ಮಾಲಿಗಳು ಅಚ್ಚುಕಟ್ಟಾಗಿ ಐದು ಕಡೆ ಗುರುತು ಹಾಕಿದ್ದರು. ಐದೂ ಮಳೆ ನೀರು ಹರಿದು ಮಣ್ಣು ಕೊರೆದ ಜಾಗಗಳು. ಗಾಡಿ ದಾರಿಯ ತುದಿಯಲ್ಲಿ, ಹೊಂಗೆ ಮರದ ಕೆಳಗೆ, ಎರಡು ಚಾಪೆ ಹಾಸುವಷ್ಟು ನೆಲ ಬೋಳಾಗಿತ್ತು. ಅಲ್ಲಿ ಗುರುತೇ ಇಲ್ಲ. ‘ಇದನ್ನ ಯಾಕೆ ಬಿಟ್ಟಿರಿ ಅಣ್ಣಾ?’ ಅಂತ ಕೇಳಿದೆ. ಹಿರಿಯ ಮಾಲಿ ಹೇಳಿದರು: ‘ಸವೆತ ಅಂದ್ರೆ ಮಣ್ಣು ಕೊಚ್ಕೊಂಡೋಗೋದಲ್ವಾ ಮೇಡಂ? ಇಲ್ಲಿ ಮಣ್ಣು ಎಲ್ಲೂ ಹೋಗಿಲ್ಲ. ಹುಲ್ಲು ನಲುಗೋಗೈತೆ, ನೆಲ ಬಿಗ್ದೋಗೈತೆ, ಅಷ್ಟೆ.’

ಅವರ ಮಾತು ಸರಿ. ಶಾಲೆಯ ಪಾಠದಿಂದ ಹಿಡಿದು ಕೃಷಿ ಇಲಾಖೆಯ ಗೋಡೆಬರಹದವರೆಗೆ ‘ಮಣ್ಣಿನ ಸವೆತ’, ‘ಮಣ್ಣಿನ ಸವಕಳಿ’ ಅಂದರೆ ನೀರಿಗೋ ಗಾಳಿಗೋ ಮಣ್ಣು ಕೊಚ್ಚಿ ಹೋಗುವುದು. ನೆಲದ ಮಾತು ಬಂದ ಕೂಡಲೇ ಸವೆತಕ್ಕೆ ಆ ಅರ್ಥವೇ ಮೊದಲು ಹೊಳೆಯುತ್ತದೆ. ಚಪ್ಪಲಿಯ ಪದವನ್ನು ತಂದು ಹುಲ್ಲಿಗೆ ಅಂಟಿಸಿದ್ದು ನನ್ನ ತಪ್ಪು.

ಆದರೆ ಅದಕ್ಕಿಂತ ದೊಡ್ಡ ವಿಷಯ ಅವರ ಉತ್ತರದಲ್ಲೇ ಇತ್ತು. ನಾನು ಒಂದು ಪದ ಹಾಕಿದ ಕಡೆ ಅವರು ಎರಡು ಹಾಕಿದ್ದರು. ನಲುಗುವುದು ಬೇರೆ, ಬಿಗಿಯುವುದು ಬೇರೆ.

ನಲುಗುವುದು ಎಲೆಗೆ ಆಗುವ ಪೆಟ್ಟು. ಮುಡಿದ ಹೂವು ನಲುಗುತ್ತದೆ, ಕೈಯಲ್ಲಿ ಹಿಸುಕಿದ ವೀಳ್ಯದೆಲೆ ನಲುಗುತ್ತದೆ. ಗಾಲಿ ಹತ್ತಿದ ಹುಲ್ಲೂ ಹಾಗೇ. ಎಲೆ ಜಜ್ಜಿ, ಒಳಗಿನ ನೀರು ಹೊರಬಂದು, ಒಂದೆರಡು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ಕಣ್ಣಿಗೆ ಬೇಗ ಕಾಣುತ್ತದೆ. ಹುಲ್ಲು ನೀರಿಲ್ಲದೆ ಬಾಡಿರುವಾಗ ಜಾಸ್ತಿ ಆಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಹುಲ್ಲಿನ ಮೇಲೆ ಕಾಲಿಟ್ಟು ತೆಗೆಯಿರಿ. ಹೆಜ್ಜೆಯ ಗುರುತು ಹಾಗೇ ಉಳಿದರೆ, ಹಸಿರಿನಲ್ಲಿ ಸ್ವಲ್ಪ ನೀಲಿ ಬೂದಿ ಛಾಯೆ ಕಂಡರೆ, ಆ ಹುಲ್ಲಿಗೆ ಎದ್ದು ನಿಲ್ಲುವ ಶಕ್ತಿ ಇಲ್ಲ. ಅದರ ಮೇಲೆ ಗಾಡಿ ಹೋದರೆ ಎರಡು ಗಾಲಿಯ ಗೆರೆ ಅಳತೆ ಹಿಡಿದು ಎಳೆದ ಹಾಗೆ ಒಣಗಿ ಕಾಣುತ್ತದೆ. ಗಕ್ಕನೆ ತಿರುಗಿಸಿದರೆ ಇನ್ನೂ ಕೆಟ್ಟದ್ದು. ಗಾಲಿ ನೇರ ಉರುಳದೆ ಪಕ್ಕಕ್ಕೆ ಉಜ್ಜುತ್ತದೆ. ಮಂಡಿ ತರಚಿದ ಹಾಗೆ ಹುಲ್ಲು ತರಚಿ ಕಿತ್ತುಬರುತ್ತದೆ. ಇಲ್ಲಿಗೆ ‘ತರಚು’ ಅನ್ನುವ ಪದವೇ ಸಾಕು ಅಂತ ನನಗೆ ಅನ್ನಿಸುತ್ತದೆ.

ಬಿಗಿಯುವುದು ಮಣ್ಣಿಗೆ ಆಗುವ ಪೆಟ್ಟು. ಇದು ಬೇಗ ಕಾಣುವುದಿಲ್ಲ. ಮಣ್ಣಿನ ಕಣಗಳ ನಡುವೆ ಗಾಳಿಗೆ, ನೀರಿಗೆ ಜಾಗ ಇರುತ್ತದೆ. ಮತ್ತೆ ಮತ್ತೆ ಭಾರ ಬಿದ್ದರೆ ಆ ಜಾಗ ಮುಚ್ಚಿಹೋಗುತ್ತದೆ. ಬೇರಿಗೆ ಉಸಿರಾಡಲು ಗಾಳಿ ಇಲ್ಲ, ನೀರು ಕೆಳಗೆ ಇಳಿಯುವುದಿಲ್ಲ. ಮೇಲಿನ ಎರಡು ಮೂರು ಅಂಗುಲದಲ್ಲೇ ಈ ಬಿಗಿತ ಹೆಚ್ಚು. ಆ ಮಾಲಿ ಜೇಬಿನಿಂದ ಒಂದು ಉದ್ದದ ಸ್ಕ್ರೂಡ್ರೈವರ್ ತೆಗೆದು ಫೇರ್‌ವೇ, ಅಂದರೆ ಚೆಂಡು ಹೊಡೆದುಕೊಂಡು ಸಾಗುವ ಹುಲ್ಲಿನ ಪಟ್ಟಿಯ ನಡುವೆ ಒತ್ತಿದರು. ಹಿಡಿಯವರೆಗೂ ಇಳಿಯಿತು. ಹೊಂಗೆ ಮರದ ಕೆಳಗೆ ಒತ್ತಿದರು. ಮೊನೆಯೂ ಸರಿಯಾಗಿ ಇಳಿಯಲಿಲ್ಲ. ‘ನೋಡಿ, ಕಣ ಆದಂಗಾಗೈತೆ’ ಅಂದರು.

ಕಣ! ಕಾಳು ಒಕ್ಕುವ ಕಣ. ಈ ಒಂದು ಮಾತು ಇಂಗ್ಲಿಷ್ ಕೈಪಿಡಿಯ ಎರಡು ಪುಟ ಹೇಳಲು ಹೆಣಗಿದ್ದನ್ನು ಹೇಳಿಬಿಟ್ಟಿತು. ಸುಗ್ಗಿಗೆ ಮೊದಲು ಕಣ ಮಾಡುವುದನ್ನು ನೋಡಿದವರಿಗೆ ಗೊತ್ತು. ನೆಲಕ್ಕೆ ಮೊದಲು ನೀರು ಹಾಕುತ್ತಾರೆ, ಆಮೇಲೆ ಎತ್ತು ತುಳಿಸುತ್ತಾರೆ ಅಥವಾ ಗುಂಡು ಉರುಳಿಸುತ್ತಾರೆ, ಸಗಣಿ ಸಾರಿಸುತ್ತಾರೆ. ಒಣ ಮಣ್ಣು ತುಳಿದರೆ ಪುಡಿಯಾಗುತ್ತದೆ. ಹದವಾಗಿ ನೆನೆದ ಮಣ್ಣು ತುಳಿದರೆ ಬಿಗಿಯುತ್ತದೆ. ಗಾಲ್ಫ್ ಮೈದಾನದಲ್ಲಿ ಮಳೆ ನಿಂತ ಕೂಡಲೇ ಗಾಡಿ ಬಿಡಬಾರದು ಅನ್ನುವ ನಿಯಮಕ್ಕೆ ಇದೇ ಕಾರಣ. ಬ್ಯಾಟರಿ, ಇಬ್ಬರು ಆಟಗಾರರು, ಅವರ ಚೀಲ ಎಲ್ಲ ಸೇರಿದರೆ ಅರ್ಧ ಟನ್ನಿಗೂ ಜಾಸ್ತಿ ಭಾರ. ಅಂಥ ಗಾಡಿಗಳು ದಿನವಿಡೀ ಒಂದೇ ಜಾಗದಲ್ಲಿ ಇಳಿದರೆ ನಾವು ಬೇಡದ ಕಡೆ ಕಣ ಮಾಡಿದ ಹಾಗೆ. ನೆಲ ಇನ್ನೂ ಕೆಸರಾಗಿದ್ದರೆ ಬಿಗಿಯುವುದೂ ಇಲ್ಲ, ಮಣ್ಣೇ ಪಕ್ಕಕ್ಕೆ ಸರಿದು ಆಳವಾದ ಜಾಡು ಬೀಳುತ್ತದೆ. ‘ಜಾಡು ಬಿತ್ತು’ ಅನ್ನುವುದಕ್ಕೆ ಯಾರೂ ತಕರಾರು ತೆಗೆಯಲಾರರು. ಬಂಡಿಜಾಡು ನಮಗೆ ಹಳೆಯ ಪದ.

ಹೀಗೆ ಒಂದು ಬಾಡಿದ ದಿನದ ಪೆಟ್ಟು, ಇನ್ನೊಂದು ನೆನೆದ ದಿನದ ಪೆಟ್ಟು. ಮದ್ದೂ ಬೇರೆ. ನಲುಗಿದ ಹುಲ್ಲಿಗೆ ಬೇಕಾದದ್ದು ಬಿಡುವು. ಗೂಟ ನೆಟ್ಟು ಹಗ್ಗ ಕಟ್ಟಿ, ಗಾಡಿ ಇಳಿಯುವ ಜಾಗವನ್ನು ನಾಲ್ಕು ಮಾರು ಆಚೆಗೆ ಸರಿಸಿದರೆ ಹುಲ್ಲು ತಾನೇ ಚಿಗುರುತ್ತದೆ. ಬಿಗಿದ ನೆಲಕ್ಕೆ ಹಗ್ಗ ಕಟ್ಟಿ ಎಷ್ಟು ದಿನ ಕಾದರೂ ಪ್ರಯೋಜನ ಕಡಿಮೆ. ಅಲ್ಲಿ ಟೊಳ್ಳು ಮೊಳೆಗಳ ಯಂತ್ರದಿಂದ ತೂತು ಹೊಡೆದು, ಬೆರಳು ಗಾತ್ರದ ಮಣ್ಣಿನ ತುಂಡು ಮೇಲಕ್ಕೆ ತೆಗೆದು, ಆ ತೂತಿಗೆ ಮರಳು ತುಂಬಬೇಕು. ಎರಡಕ್ಕೂ ‘ಸವೆತ’ ಅಂತ ಬರೆದರೆ ಮಾಲಿ ಯಾವ ಮದ್ದು ಹಾಕಬೇಕು? ಹಾಗಾಗಿ ಇದು ಬರೀ ಪದದ ಅಂದಚೆಂದದ ಪ್ರಶ್ನೆ ಅಲ್ಲ.

ಈಗ ಬಿಗಿಯುವುದಕ್ಕೆ ಬೇರೆ ಏನೇನು ಪದ ಇದೆ ಅಂತ ನೋಡಿದೆ. ‘ಸಾಂದ್ರೀಕರಣ’ ಅಂತ ಬರೆದರೆ ಮಾಲಿಗಳು ನನ್ನ ಮುಖ ನೋಡುತ್ತಾರೆ. ‘ದಮ್ಮಸು’ ಒಳ್ಳೆಯ ಪದ, ಗಾರೆ ಕೆಲಸದವರ ಬಾಯಲ್ಲಿ ಇನ್ನೂ ಇದೆ. ಆದರೆ ದಮ್ಮಸು ಬೇಕು ಅಂತಲೇ ಮಾಡುವ ಕೆಲಸ, ತಾನಾಗಿ ಆಗುವುದಲ್ಲ. ರಾಯಚೂರು ಕಡೆಯಿಂದ ಬಂದು ಅಲ್ಲೇ ಕಳೆ ಕೀಳುವ ಹೆಣ್ಣುಮಗಳೊಬ್ಬಳು ‘ನೆಲ ಬಿರುಸಾಗೇತ್ರಿ’ ಅಂದಳು. ರೊಟ್ಟಿ ಬಿರುಸಾಯಿತು ಅನ್ನುವ ಅದೇ ಬಿರುಸು. ಚೆನ್ನಾಗಿದೆ. ಆದರೆ ಒಣಗಿ ಗಟ್ಟಿಯಾದದ್ದಕ್ಕೂ ಬಿರುಸು ಅನ್ನುತ್ತಾರೆ, ತುಳಿದು ಗಟ್ಟಿಯಾದದ್ದಕ್ಕೂ ಅನ್ನುತ್ತಾರೆ. ನನಗೆ ಸದ್ಯಕ್ಕೆ ‘ನೆಲ ಬಿಗಿಯುವುದು’ ಎಲ್ಲಕ್ಕಿಂತ ಸರಿ ಕಾಣುತ್ತಿದೆ. ನಾಮಪದ ಬೇಕಾದರೆ ‘ನೆಲಬಿಗಿತ’.

‘ಟ್ರಾಫಿಕ್’ ಅನ್ನುವುದಕ್ಕೆ ಮೊದಲು ‘ಸಂಚಾರ’ ಬರೆದಿದ್ದೆ. ಬೆಂಗಳೂರಿನಲ್ಲಿ ಸಂಚಾರ ಅಂದರೆ ಸಿಗ್ನಲ್ಲು, ಪೊಲೀಸು, ದಟ್ಟಣೆ. ಹುಲ್ಲಿನವರ ಭಾಷೆಯಲ್ಲಿ ಅದರ ಅರ್ಥ ಹುಲ್ಲಿನ ಮೇಲೆ ಹಾದುಹೋಗುವ ಎಲ್ಲವೂ: ಕಾಲು, ಗಾಲಿ, ಹುಲ್ಲು ಕತ್ತರಿಸುವ ಯಂತ್ರ. ‘ತುಳಿತ’ ಹತ್ತಿರದ ಪದ. ಆದರೆ ಪತ್ರಿಕೆಗಳಲ್ಲಿ ‘ಕಾಲ್ತುಳಿತ’ ಓದಿ ಓದಿ ಆ ಪದ ಕಂಡರೆ ಎದೆ ಧಸಕ್ಕೆನ್ನುತ್ತದೆ. ‘ಓಡಾಟ’ ಅಂತ ಬದಲಾಯಿಸಿದೆ. ಇದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ.

‘ಟರ್ಫ್’ ಪದವೂ ಈಗ ಕೈಬಿಟ್ಟು ಹೋಗಿದೆ. ಹಳಬರಿಗೆ ಅದು ಕುದುರೆ ರೇಸು, ಹುಡುಗರಿಗೆ ಗಂಟೆಗಿಷ್ಟು ಅಂತ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಹುಲ್ಲಿನ ಕ್ರಿಕೆಟ್ ಅಂಗಳ. ‘ಹುಲ್ಲುಹಾಸು’ ಸಾಕು.

ಗಾಡಿಯ ಹೆಸರಿನಲ್ಲೂ ಒಂದು ತೊಡಕಿದೆ. ಅಮೆರಿಕದವರು ಕಾರ್ಟ್ ಅನ್ನುವುದನ್ನು ಬ್ರಿಟನ್ನಿನವರು ಬಗ್ಗಿ ಅನ್ನುತ್ತಾರೆ. ಬೆಂಗಳೂರಿನಲ್ಲಿ ಗಾಲ್ಫ್ ಬ್ರಿಟಿಷರ ಕಾಲದಿಂದ ಇದೆ, ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ನಾನು ಹೋದ ಮೈದಾನದಲ್ಲೂ ಎಲ್ಲರೂ ಬಗ್ಗಿ ಅಂತಲೇ ಅನ್ನುತ್ತಾರೆ. ಬಾಯಿಮಾತಿಗೆ ಸರಿ. ಬೋರ್ಡಿನಲ್ಲಿ ‘ಇಲ್ಲಿ ಬಗ್ಗಿ ಹೋಗಬಾರದು’ ಅಂತ ಬರೆದರೆ ಏನರ್ಥ ಬರುತ್ತದೆ ನೋಡಿ. ತಲೆ ಬಗ್ಗಿಸಿ ಹೋಗಬೇಡಿ ಅಂದ ಹಾಗಾಗುತ್ತದೆ. ‘ಬಂಡಿ’ ಅಂದರೆ ಎತ್ತು ಕಣ್ಣಮುಂದೆ ಬರುತ್ತದೆ. ಅದಕ್ಕೆ ಬೋರ್ಡಿನಲ್ಲಿ ‘ಗಾಡಿ’, ಕೈಪಿಡಿಯಲ್ಲಿ ಒಂದು ಸಲ ‘ಬಗ್ಗಿ ಗಾಡಿ’ ಅಂತ ಹೇಳಿ ಮುಂದೆ ‘ಗಾಡಿ’ ಅಂತಲೇ ಇಟ್ಟುಕೊಂಡಿದ್ದೇನೆ.

‘ತೊಂಬತ್ತು ಡಿಗ್ರಿ ನಿಯಮ’ ಅಂತ ಒಂದಿದೆ. ಚೆಂಡು ಬಿದ್ದ ಜಾಗಕ್ಕೆ ಓರೆಯಾಗಿ ಹುಲ್ಲು ಸೀಳಿಕೊಂಡು ಹೋಗಬಾರದು. ಗಾಡಿ ದಾರಿಯಲ್ಲೇ ಹೋಗಿ, ಚೆಂಡಿನ ನೇರಕ್ಕೆ ಬಂದಮೇಲೆ ಅಡ್ಡಕ್ಕೆ ತಿರುಗಿ, ಚೆಂಡು ಹೊಡೆದು, ಅದೇ ನೇರದಲ್ಲಿ ದಾರಿಗೆ ವಾಪಸ್ ಬರಬೇಕು. ಹೀಗೆ ಮಾಡಿದರೆ ಗಾಲಿ ಹುಲ್ಲಿನ ಮೇಲೆ ಉರುಳುವ ದೂರ ಕಡಿಮೆ, ಎಲ್ಲರೂ ಒಂದೇ ಜಾಗದಲ್ಲಿ ತುಳಿಯುವುದೂ ತಪ್ಪುತ್ತದೆ. ‘ಲಂಬಕೋನ’ ಶಾಲೆಯ ಪದ. ಮಾಲಿಗಳಲ್ಲಿ ಒಬ್ಬರು ಹಿಂದೆ ಗಾರೆ ಕೆಲಸ ಮಾಡಿದವರು. ‘ಮೂಲೆಮಟ್ಟ ಇಟ್ಟಂಗೆ ತಿರುಗ್ಬೇಕು’ ಅಂದರು. ಕೈಪಿಡಿಗೆ ಅದನ್ನೇ ತೆಗೆದುಕೊಂಡೆ: ‘ಮೂಲೆಮಟ್ಟದ ನಿಯಮ’. ಆಟಗಾರರ ಬೋರ್ಡಿಗೆ ಬೇಡ ಅನ್ನಿಸಿತು, ಅಲ್ಲಿ ಚಿತ್ರವೇ ಸಾಕು.

ನನ್ನ ಮೊದಲ ಬೋರ್ಡು ಹೀಗಿತ್ತು: ‘ಹುಲ್ಲುಹಾಸಿನ ಸವೆತ ತಡೆಗಟ್ಟುವ ಸಲುವಾಗಿ ವಾಹನ ಸಂಚಾರ ನಿರ್ಬಂಧಿಸಲಾಗಿದೆ.’ ಈಗಿನದು ಎರಡು. ಮಳೆ ದಿನಕ್ಕೆ: ‘ಇವತ್ತು ನೆಲ ನೆನೆದಿದೆ. ಗಾಡಿ ದಾರಿ ಬಿಟ್ಟು ಇಳಿಸಬೇಡಿ.’ ಬಿಸಿಲ ದಿನಕ್ಕೆ: ‘ಇಲ್ಲಿ ಹುಲ್ಲು ಬಾಡಿದೆ. ನಡೆದು ಹೋಗಿ.’ ಕಾರಣ ಕಂಡರೆ ಜನ ಮಾತು ಕೇಳುತ್ತಾರೆ ಅಂತ ನನ್ನ ನಂಬಿಕೆ.

ಇನ್ನೊಂದು ಮಾತು, ಇದು ನನಗೆ ತುಂಬ ಸಂತೋಷ ಕೊಟ್ಟದ್ದು. ಇಂಗ್ಲಿಷಿನಲ್ಲಿ ಬರ್ಮುಡಾ ಗ್ರಾಸ್ ಅಂತ ಇದ್ದದ್ದನ್ನು ನಾನು ಹಾಗೇ ಬಿಟ್ಟಿದ್ದೆ. ಆಮೇಲೆ ನೋಡಿದರೆ ಅದು ನಮ್ಮ ಗರಿಕೆ! ಗಣಪತಿಗೆ ಏರಿಸುವ ಅದೇ ಗರಿಕೆ, ಉತ್ತರ ಕರ್ನಾಟಕದ ಕರಿಕೆ. ಬಿಸಿ ದೇಶಗಳ ಗಾಲ್ಫ್ ಮೈದಾನಗಳಲ್ಲಿ ಗರಿಕೆಯ ತಳಿಗಳಿಗೆ ಅಷ್ಟು ಬೆಲೆ ಇರುವುದಕ್ಕೆ ಕಾರಣ ಅದರ ಹಬ್ಬುವ ಗುಣ. ನೆಲದ ಮೇಲೂ ಕುಡಿ ಓಡಿಸುತ್ತದೆ, ನೆಲದ ಒಳಗೂ ಬಳ್ಳಿ ಓಡಿಸುತ್ತದೆ. ಮೇಲಿನದು ನಲುಗಿದರೂ ಒಳಗಿನಿಂದ ಚಿಗುರುತ್ತದೆ. ಹೊಲದಲ್ಲಿ ಗರಿಕೆ ಕಿತ್ತು ಸುಸ್ತಾದ ಯಾವ ರೈತರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಿಫ್‌ವೇ ಅನ್ನುವ ಹೆಸರಾದ ತಳಿ ಇದೇ ಗರಿಕೆ ಆಫ್ರಿಕದ ಅದರ ದಾಯಾದಿ ಹುಲ್ಲಿನ ಜೊತೆ ಕೂಡಿ ಹುಟ್ಟಿದ್ದು, ಅದನ್ನು ಆರಿಸಿ ಬೆಳೆಸಿದ್ದು ಅಮೆರಿಕದ ಜಾರ್ಜಿಯಾದಲ್ಲಿ. ಅದು ಬೀಜ ಕಟ್ಟುವುದಿಲ್ಲ. ಬೋಳಾದ ಕಡೆ ಬಿತ್ತಲು ಆಗದು, ಕುಡಿ ತಂದು ನೆಡಬೇಕು ಅಥವಾ ಮಣ್ಣು ಸಮೇತ ಹುಲ್ಲು ಕತ್ತರಿಸಿ ತಂದು ಕೂರಿಸಬೇಕು. ಕೈಪಿಡಿಯಲ್ಲಿ ‘ಮರುಬಿತ್ತನೆ’ ಅಂತ ಬರೆದಿದ್ದ ನನ್ನ ಸಾಲನ್ನು ಮಾಲಿಗಳು ‘ಕುಡಿ ನಾಟಿ’ ಅಂತ ತಿದ್ದಿದರು. ನಾಟಿ ಅನ್ನುವ ಪದ ಭತ್ತದ ಗದ್ದೆಯಿಂದ ಗಾಲ್ಫ್ ಮೈದಾನಕ್ಕೆ ಎಷ್ಟು ಸಲೀಸಾಗಿ ಬಂತು ನೋಡಿ. ಗರಿಕೆಗೆ ಒಂದೇ ಕೊರತೆ, ನೆರಳು ಆಗುವುದಿಲ್ಲ. ಹೊಂಗೆ ಮರದ ಕೆಳಗೆ ಬೋಳಾಗಿದ್ದಕ್ಕೆ ಅರ್ಧ ಕಾರಣ ಅದೇ ಇರಬೇಕು.

ಈಗ ನನ್ನ ಪ್ರಶ್ನೆಗಳು.

ಮೊದಲನೆಯದು: ನಲುಗು ಅನ್ನುವುದಕ್ಕೆ ನಾಮಪದ. ‘ನಲುಗಾಟ’ ಅಂದರೆ ಮನಸ್ಸಿನ ಕಷ್ಟ ಅನ್ನಿಸುತ್ತದೆ. ‘ನಲುಗುವಿಕೆ’ ಸರ್ಕಾರಿ ಸುತ್ತೋಲೆ ಓದಿದ ಹಾಗಿದೆ. ನಾಮಪದವೇ ಬೇಡ, ‘ಹುಲ್ಲು ನಲುಗಿದ ಜಾಗ’ ಅಂತ ಬಿಡಿಸಿ ಬರೆಯುವುದೇ ಸರಿ ಅಂತ ನನ್ನ ಒಲವು. ನಿಮ್ಮ ಕಡೆ ದನ ತುಳಿದು ಹಾಳಾದ ಹುಲ್ಲಿಗೆ ಏನನ್ನುತ್ತೀರಿ? ಕರಾವಳಿ, ಕೊಡಗಿನವರು ದಯವಿಟ್ಟು ಹೇಳಿ.

ಎರಡನೆಯದು ಹೆಚ್ಚು ಮುಖ್ಯ. ಗಾಡಿಗಳು ದಾರಿ ಬಿಟ್ಟು ಹುಲ್ಲಿಗೆ ಇಳಿಯುವ ಜಾಗ. ಮೈದಾನದಲ್ಲಿ ಅತಿ ಬೇಗ ಕಣ ಆಗುವುದು ಅದೇ. ಅದಕ್ಕೆ ಗೂಟ, ಹಗ್ಗ ಸರಿಸುತ್ತಾ ಆ ಬಾಯಿಯನ್ನು ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಮಲೆನಾಡಿನ ಬೇಲಿಗಳಲ್ಲಿ ಜನ, ದನ ಹಾಯುವ ಕಿಂಡಿಗೆ ದಣಪೆ ಅನ್ನುತ್ತಾರೆ. ಅಡ್ಡಗಳು ಜಾರಿಸಿ ತೆಗೆಯುವಂತಿದ್ದರೆ ಉಣುಗೋಲು. ಸರಿಸಬಹುದಾದ ಈ ಬಾಯಿಗೆ ‘ದಣಪೆ’ ಅಂದರೆ ಹೊಂದುತ್ತದಾ? ಅಥವಾ ದಣಪೆ ಅಂದ ಕೂಡಲೇ ನಿಮಗೆ ಬೇಲಿಯೇ ಕಾಣುತ್ತದಾ? ಬಯಲುಸೀಮೆಯಲ್ಲಿ ದನಗಳು ಕೆರೆಗೆ ಇಳಿಯುವ ಜಾಗಕ್ಕೆ ಬೇರೆ ಪದ ಇದ್ದರೆ ಅದೂ ಬೇಕು. ಅಚ್ಚಿಗೆ ಹೋಗಲು ಇನ್ನು ಹತ್ತು ದಿನ ಇದೆ. ಆ ಪುಟದಲ್ಲಿ ಪದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.